ಲೈಸೋಸೋಮ್ ಪೇಪರ್ ಬರೆದು ಕಳಿಸಿದ ಕಥೆ

ನಮ್ಮ ಲೈಸೋಸೋಮ್ ಪೇಪರ್ ಜರ್ನಲ್ ಆಫ್ ಸೆಲ್ ಸೈನ್ಸ್ (ಜೆಸಿಎಸ್) ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಆಕ್ಸೆಪ್ಟ್ ಆಯ್ತು, ಪ್ರೂಫೂ ತಿದ್ದಿ ಕಳಿಸಿ ಆಯ್ತು. ನಮ್ಮ ದಾವಣಗೆರೆ, ಶಿವಮೊಗ್ಗ, ಧಾರವಾಡದ ಕಡೆಯಿಂದ ಎಂಎಸ್ಸಿ ಮುಗಿಸ್ಕೊಂಡು ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಪಿಎಚ್‌ಡಿ ಮಾಡೋಕೆ ಬಂದಿರೋರು ಸಿಕ್ಕಾಗೆಲ್ಲ ಮೊದಲನೇ ಪೇಪರ್ ಹೆಂಗೆ ಬರೆದ್ರಿ, ಎಲ್ಲಿಂದ ಶುರು ಮಾಡಿದ್ರಿ ಅಂತ ಕೇಳ್ತಾರೆ. ಇಂಗ್ಲಿಷಲ್ಲಿ ಇದಕ್ಕೆ ಬೇಕಾದಷ್ಟು ಗೈಡ್‌ಗಳಿದಾವೆ, ಆದ್ರೆ ನಮ್ಮ ಲ್ಯಾಬಿನ ಬೆಂಚ್ ಮೇಲೆ, ನಮ್ಮ ಕಂಪ್ಯೂಟರಲ್ಲಿ ಏನೇನಾಯ್ತು ಅನ್ನೋದನ್ನ ಕನ್ನಡದಲ್ಲಿ ಬರೆದಿಡಬೇಕು ಅಂತ ತುಂಬ ದಿನದಿಂದ ಅನ್ಕೊಂಡಿದ್ದೆ, ಅದಕ್ಕೆ ಕೂತು ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಮೊದ್ಲು ಕೆಲಸ ಏನು ಅಂತ ಎರಡು ಮಾತು ಹೇಳ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಲೈಸೋಸೋಮ್ ಅಂದ್ರೆ ಜೀವಕೋಶದ ಒಳಗೆ ಬೇಡವಾದ ಪ್ರೋಟೀನು, ಕೊಬ್ಬು ಎಲ್ಲ ಒಡೆದು ಮತ್ತೆ ಬಳಕೆಗೆ ಕೊಡೋ ಪುಟ್ಟ ಚೀಲ. 1955ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ದ ಡೂವ್ ಮತ್ತವರ ಜೊತೆಯವರು ಇದನ್ನ ಗುರುತಿಸಿದ್ರು, 1974ರಲ್ಲಿ ಅವರಿಗೆ ನೊಬೆಲ್ ಬಂತು. ಎಷ್ಟೋ ವರ್ಷ ಇದನ್ನ ಬರೀ ಕಸ ಹಾಕೋ ಜಾಗ ಅಂತಾನೇ ನೋಡ್ತಿದ್ರು. ಈಗ ಗೊತ್ತಿರೋದೇನಂದ್ರೆ, ಇವು ಕೋಶದಲ್ಲಿ ಎಲ್ಲಿ ಕೂತಿದಾವೆ ಅನ್ನೋದೂ ಮುಖ್ಯ. ಕೋಶಕ್ಕೆ ಆಹಾರ ಚೆನ್ನಾಗಿ ಸಿಕ್ತಿದ್ರೆ ತುಂಬ ಲೈಸೋಸೋಮ್‌ಗಳು ಅಂಚಿನ ಕಡೆ ಹರಡ್ಕೊಂಡಿರ್ತವೆ, ಉಪವಾಸ ಕೆಡವಿದ್ರೆ ನ್ಯೂಕ್ಲಿಯಸ್ ಹತ್ರ ಬಂದು ಗುಂಪು ಕಟ್ಟುತ್ತವೆ. ಅಂಚಿಗೆ ಎಳಕೊಂಡು ಹೋಗೋಕೆ ಬೋರ್ಕ್, ಆರ್ಲ್8, ಕೈನೆಸಿನ್ ಅಂತ ಪ್ರೋಟೀನುಗಳ ಒಂದು ತಂಡ ಇದೆ, ಒಳಗೆ ಎಳೆಯೋಕೆ ಡೈನೀನ್ ಅನ್ನೋ ಮೋಟರ್ ಪ್ರೋಟೀನ್ ಇದೆ. ನಾವು ನೋಡ್ತಿದ್ದ ಪ್ರೋಟೀನನ್ನ ಕೋಶದಲ್ಲಿ ಕಮ್ಮಿ ಮಾಡಿದ್ರೆ ಉಪವಾಸದಲ್ಲೂ ಲೈಸೋಸೋಮ್‌ಗಳು ಒಳಗೆ ಬರಲ್ಲ, ಅಂಚಲ್ಲೇ ನಿಂತುಬಿಡ್ತವೆ. ಯಾಕೆ ಅಂತ ಹುಡುಕಿದ್ದೇ ಪೇಪರು.

ನಮ್ಮ ಪಿಎಚ್‌ಡಿ ಗೈಡ್‌ದು ಒಂದು ಪದ್ಧತಿ, ಫಿಗರ್ ಪೂರ್ತಿ ಆಗೋ ತನಕ ಒಂದು ಸಾಲೂ ಬರೆಯೋ ಹಾಗಿಲ್ಲ. ಎಲ್ಲ ಪ್ಯಾನೆಲ್‌ಗಳನ್ನೂ ಪ್ರಿಂಟ್ ತೆಗೆದು ಮೀಟಿಂಗ್ ರೂಮಿನ ಟೇಬಲ್ ಮೇಲೆ ಹರಡಿ, ಲ್ಯಾಬಲ್ಲಿ ಈ ಪ್ರಾಜೆಕ್ಟಿಗೆ ಸಂಬಂಧವೇ ಇಲ್ಲದ ಒಬ್ಬರನ್ನ ಕರೆದು, ಇದನ್ನ ನೋಡಿ ನಿಮಗೆ ಏನು ಅರ್ಥ ಆಗುತ್ತೆ ಹೇಳಿ ಅಂತ ಕೇಳೋದು. ನಾವು ಬಾಯಿ ಬಿಡೋ ಹಾಗಿಲ್ಲ. ಪಕ್ಕದ ಲ್ಯಾಬಿನ ಈಸ್ಟ್ ಕೆಲಸ ಮಾಡೋ ಪೋಸ್ಟ್‌ಡಾಕ್ ಒಬ್ಬರು ಬಂದು ನೋಡಿ, ಎರಡನೇ ಫಿಗರಿಂದ ಮೂರನೇದಕ್ಕೆ ಯಾಕೆ ಹೋದ್ರಿ ಗೊತ್ತಾಗ್ಲಿಲ್ಲ ಅಂದ್ರು. ನಿಜ, ಅದು ನಾವು ಎಕ್ಸ್‌ಪೆರಿಮೆಂಟ್ ಮಾಡಿದ ಕ್ರಮ, ಓದೋರಿಗೆ ಬೇಕಾದ ಕ್ರಮ ಅಲ್ಲ. ಡೈನೀನ್ ಜೊತೆ ನಮ್ಮ ಪ್ರೋಟೀನ್ ಅಂಟುತ್ತೆ ಅಂತ ತೋರಿಸೋ ಪುಲ್‌ಡೌನ್ (ಒಂದು ಪ್ರೋಟೀನನ್ನ ಹಿಡಿದೆಳೆದು ಜೊತೆಗೆ ಏನು ಬರುತ್ತೆ ನೋಡೋ ಪ್ರಯೋಗ) ನಾವು ಕೊನೇ ವರ್ಷದಲ್ಲಿ ಮಾಡಿದ್ದು, ಅದು ಮುಂದಕ್ಕೆ ಬಂತು. ಮೊದಲ ವರ್ಷ ಪೂರ್ತಿ ಕಷ್ಟಪಟ್ಟು ಮಾಡಿದ್ದ ಓವರ್‌ಎಕ್ಸ್‌ಪ್ರೆಶನ್ ಡೇಟಾ ಸಪ್ಲಿಮೆಂಟ್‌ಗೆ ಹೋಯ್ತು, ಯಾಕಂದ್ರೆ ಪ್ರೋಟೀನನ್ನ ಬೇಕಾಬಿಟ್ಟಿ ಜಾಸ್ತಿ ಮಾಡಿದ್ರೆ ಕೋಶದಲ್ಲಿ ಏನು ಬೇಕಾದ್ರೂ ಆಗ್ಬಹುದು, ಅದರ ಮೇಲೆ ಕಥೆ ನಿಲ್ಲಿಸೋಕಾಗಲ್ಲ.

ಈಗ ಎನ್ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಇಡೀ ಪೇಪರಿನ ಜೀವ ಇಲ್ಲೇ ಇರೋದು, ಮಿಕ್ಕಿದ್ದೆಲ್ಲ ಆಮೇಲೆ.

ಎನ್ ಅಂದ್ರೆ ಎಷ್ಟು ಸಲ ಅಳೆದ್ರಿ ಅನ್ನೋ ಸಂಖ್ಯೆ. ನಾವು ಪ್ರತಿ ಎಕ್ಸ್‌ಪೆರಿಮೆಂಟಲ್ಲಿ ಕಂಟ್ರೋಲ್ (ಏನೂ ಕಮ್ಮಿ ಮಾಡದ ಕೋಶ) ಕಡೆ 50 ಕೋಶ, ನಾಕ್‌ಡೌನ್ (ನಮ್ಮ ಪ್ರೋಟೀನ್ ಕಮ್ಮಿ ಮಾಡಿದ ಕೋಶ) ಕಡೆ 50 ಕೋಶ ಅಳೀತಿದ್ವಿ, ಪ್ರತಿ ಕೋಶದಲ್ಲೂ ನೂರಾರು ಲೈಸೋಸೋಮ್, ಪ್ರತಿಯೊಂದೂ ನ್ಯೂಕ್ಲಿಯಸ್‌ನಿಂದ ಎಷ್ಟು ದೂರ ಅಂತ ಫಿಜಿ ಅನ್ನೋ ಇಮೇಜ್ ಅಳೆಯೋ ಸಾಫ್ಟ್‌ವೇರಲ್ಲಿ ಮ್ಯಾಕ್ರೋ, ಅಂದ್ರೆ ಚಿಕ್ಕ ಪ್ರೋಗ್ರಾಂ, ಬರೆದು ತೆಗೆಯೋದು. ಮೂರು ಎಕ್ಸ್‌ಪೆರಿಮೆಂಟ್ ಸೇರಿಸಿದ್ರೆ ಒಂದೊಂದು ಕಡೆ 150 ಕೋಶ. ಈ 150ನ್ನೇ ಎನ್ ಅಂತ ಹಾಕಿ ಟಿ ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸೋ ಲೆಕ್ಕ) ಮಾಡಿದ್ರೆ ಪಿ ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ರೂ ಇಷ್ಟು ವ್ಯತ್ಯಾಸ ಕಾಣೋ ಸಂಭವ) ಸೊನ್ನೆ ಸೊನ್ನೆ ಸೊನ್ನೆ ಅಂತ ಬರುತ್ತೆ, ಗ್ರಾಫ್ ಮೇಲೆ ನಾಲ್ಕು ಸ್ಟಾರ್ ಹಾಕ್ಬಹುದು, ತುಂಬ ಹಳೇ ಪೇಪರ್‌ಗಳಲ್ಲಿ ಹಂಗೇ ಹಾಕಿರ್ತಾರೆ. ಆದ್ರೆ ಒಂದೇ ಡಿಶ್ಶಲ್ಲಿರೋ 50 ಕೋಶ ಒಂದೇ ಪ್ಯಾಸೇಜಿನವು, ಒಂದೇ ದಿನ ಟ್ರಾನ್ಸ್‌ಫೆಕ್ಟ್ ಆದವು, ಒಂದೇ ಟ್ಯೂಬಿನ ಆಂಟಿಬಾಡಿ ಕುಡಿದವು. ಅವು ಒಂದಕ್ಕೊಂದು ಸ್ವತಂತ್ರ ಅಲ್ಲ. ದಾವಣಗೆರೇಲಿ ಜನ ಎಷ್ಟು ಖಾರ ತಿಂತಾರೆ ಅಂತ ತಿಳಿಯೋಕೆ ಒಂದೇ ಮನೆಯ ಐವತ್ತು ಜನರನ್ನ ಕೇಳಿದ ಹಾಗೆ ಅದು. ನಿಜವಾಗಿ ಸ್ವತಂತ್ರ ಅಂದ್ರೆ ಬೇರೆ ಬೇರೆ ದಿನ ಹೊಸದಾಗಿ ಕೋಶ ಬಿತ್ತಿ, ಹೊಸದಾಗಿ ನಾಕ್‌ಡೌನ್ ಮಾಡಿ, ಹೊಸದಾಗಿ ಸ್ಟೇನ್ ಮಾಡಿದ ಎಕ್ಸ್‌ಪೆರಿಮೆಂಟುಗಳು. ಹಾಗೆ ನೋಡಿದ್ರೆ ಎನ್ ಅಂದ್ರೆ 3, ಅಷ್ಟೇ.

ಈ ವಿಷಯಕ್ಕೆ 2020ರಲ್ಲಿ ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲಿ ಸೂಪರ್‌ಪ್ಲಾಟ್ಸ್ ಅಂತ ಒಂದು ಚಿಕ್ಕ ಪೇಪರ್ ಬಂತು, ಸೆಲ್ ಬಯಾಲಜಿ ಮಾಡೋ ಪ್ರತಿಯೊಬ್ಬರೂ ಓದಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಅವರು ಹೇಳೋದು ಸರಳ, ಪ್ರತಿ ಕೋಶವನ್ನೂ ಒಂದೊಂದು ಸಣ್ಣ ಚುಕ್ಕಿಯಾಗಿ ತೋರಿಸಿ, ಒಂದು ದಿನದ ಎಕ್ಸ್‌ಪೆರಿಮೆಂಟಿಗೆ ಒಂದು ಬಣ್ಣ ಕೊಡಿ, ಪ್ರತಿ ದಿನದ ಸರಾಸರಿಯನ್ನ ದೊಡ್ಡ ಚುಕ್ಕಿ ಮಾಡಿ ಮೇಲೆ ಇಡಿ, ಸ್ಟ್ಯಾಟಿಸ್ಟಿಕ್ಸನ್ನ ಆ ದೊಡ್ಡ ಚುಕ್ಕಿಗಳ ಮೇಲೆ ಮಾಡಿ. ಗೈಡ್ ನಮ್ಮೆಲ್ಲ ಗ್ರಾಫನ್ನೂ ಹಿಂಗೇ ಮತ್ತೆ ಮಾಡು ಅಂದ್ರು.

ಮಾಡಿದಾಗ ಎರಡು ವಿಷಯ ಕಣ್ಣಿಗೆ ಹೊಡೀತು. ಲೈಸೋಸೋಮ್ ಜಾಗದ್ದು ಸರಿ ಇತ್ತು, ಮೂರು ಬಣ್ಣದ ದೊಡ್ಡ ಚುಕ್ಕಿಗಳೂ ಒಂದೇ ದಿಕ್ಕಿಗೆ ಹೋಗಿದ್ವು. ಆದ್ರೆ ನಾಕ್‌ಡೌನ್ ಮಾಡಿದ್ರೆ ಲೈಸೋಸೋಮ್ ದೊಡ್ಡದೂ ಆಗುತ್ತೆ ಅಂತ ನಮ್ಮ ಹತ್ರ ಇನ್ನೊಂದು ಗ್ರಾಫ್ ಇತ್ತು, ಎಲ್ಲ ಕೋಶ ಒಟ್ಟು ಹಾಕಿದಾಗ ಅದು ಭರ್ಜರಿಯಾಗಿ ಕಾಣ್ತಿತ್ತು, ಲ್ಯಾಬ್ ಮೀಟಿಂಗಲ್ಲಿ ಎಲ್ರಿಗೂ ಇಷ್ಟ ಆಗಿತ್ತು, ಟೈಟಲ್‌ನಲ್ಲೂ ಆ ಮಾತು ಇತ್ತು. ದಿನದ ಪ್ರಕಾರ ಬಣ್ಣ ಹಾಕಿದ ಕೂಡ್ಲೇ ಗೊತ್ತಾಯ್ತು, ಒಂದು ದಿನ ಮಾತ್ರ ತುಂಬ ದೊಡ್ಡದಾಗಿದೆ, ಇನ್ನೆರಡು ದಿನ ಏನೇನೂ ಇಲ್ಲ. ಆ ಒಂದು ದಿನದ ಕೋಶಗಳೇ ಇಡೀ ಗ್ರಾಫನ್ನ ಎತ್ತಿ ಹಿಡಿದಿದ್ವು. ಗೈಡ್ ಆ ಗ್ರಾಫನ್ನ ಹತ್ತು ನಿಮಿಷ ಸುಮ್ನೆ ನೋಡಿ, ಇದನ್ನ ತೆಗೆದುಬಿಡೋಣ, ನಮಗೆ ಇದು ಗೊತ್ತಿಲ್ಲ ಅಂದ್ರು. ಟೈಟಲ್‌ನಿಂದ ಸೈಜ್ ಅನ್ನೋ ಪದ ಹೋಯ್ತು. ಫಿಗರ್ ಮಾಡದೇ ಬರೀ ಬರೆಯೋಕೆ ಕೂತಿದ್ರೆ ಆ ಸಾಲು ಪೇಪರಲ್ಲಿ ಉಳ್ಕೊಂಡುಬಿಡ್ತಿತ್ತು, ನಾಳೆ ಯಾರೋ ಅದನ್ನ ನಂಬಿ ಒಂದು ವರ್ಷ ಕಳೀತಿದ್ರು.

ಜಾಗದ ಡೇಟಾಗೂ ಮೂರು ಸಾಲದು ಅನ್ನಿಸ್ತು. ಇಲ್ಲೊಂದು ಜಾಗ್ರತೆ ಬೇಕು, ಪಿ ವ್ಯಾಲ್ಯೂ ಸಾಲ್ದಾಯ್ತು ಅಂತ ಇನ್ನೊಂದು ಸಲ ಮಾಡಿ, ಮತ್ತೆ ನೋಡಿ, ಮತ್ತೊಂದು ಸಲ ಮಾಡಿ, 0.05ಕ್ಕಿಂತ ಕೆಳಗೆ ಇಳಿದ ತಕ್ಷಣ ನಿಲ್ಲಿಸೋದು ತಪ್ಪು, ಹಂಗೆ ಮಾಡಿದ್ರೆ ಏನೂ ಇಲ್ಲದ ಕಡೆನೂ ಒಂದಲ್ಲ ಒಂದು ದಿನ ಸ್ಟಾರ್ ಬಂದೇ ಬರುತ್ತೆ. ಅದಕ್ಕೆ ಹಳೇ ಮೂರನ್ನ ಬದಿಗಿಟ್ಟು ಹೊಸದಾಗಿ ಐದು ಎಕ್ಸ್‌ಪೆರಿಮೆಂಟ್ ಮಾಡೋದು, ಏನೇ ಬರ್ಲಿ ಐದಕ್ಕೆ ನಿಲ್ಸೋದು ಅಂತ ಮೊದ್ಲೇ ನೋಟ್‌ಬುಕ್ಕಲ್ಲಿ ಬರೆದು ಡೇಟ್ ಹಾಕಿದ್ವಿ. ಸ್ಲೈಡ್ ಮೇಲೆ ಕಂಟ್ರೋಲ್, ನಾಕ್‌ಡೌನ್ ಅಂತ ಬರೀದೇ ಲ್ಯಾಬಿನ ಇನ್ನೊಬ್ಬರು ಕೋಡ್ ನಂಬರ್ ಹಾಕಿ ಕೊಟ್ರು, ನಾನು ಇಮೇಜ್ ತೆಗೆದು ಅಳತೆ ಮುಗಿಸಿದ್ಮೇಲೆ ಕೋಡ್ ಬಿಚ್ಚಿದ್ದು. ಕತ್ತಲೆ ಮೈಕ್ರೋಸ್ಕೋಪ್ ರೂಮಲ್ಲಿ ಕೂತಾಗ ಇದು ನಾಕ್‌ಡೌನ್ ಇರ್ಬಹುದು ಅಂತ ಮನಸ್ಸು ಹೇಳ್ತಾನೇ ಇರುತ್ತೆ, ಚೆನ್ನಾಗಿ ಕಾಣೋ ಕೋಶದ ಕಡೆ ಕೈ ತಾನಾಗೇ ಹೋಗುತ್ತೆ. ಕೋಡ್ ಇದ್ರೆ ಆ ಆಸೆಗೆ ಜಾಗ ಇರಲ್ಲ. ಐದರಲ್ಲೂ ಲೈಸೋಸೋಮ್‌ಗಳು ಅಂಚಲ್ಲೇ ನಿಂತಿದ್ವು, ಮೊದಲು ಕಂಡಿದ್ದಕ್ಕಿಂತ ವ್ಯತ್ಯಾಸ ಸ್ವಲ್ಪ ಕಮ್ಮಿ, ಆದ್ರೆ ಪ್ರತಿ ಸಲನೂ ಇದೆ. ಅವತ್ತು ಆದಷ್ಟು ಖುಷಿ ಆಮೇಲೆ ಪೇಪರ್ ಆಕ್ಸೆಪ್ಟ್ ಆದಾಗ್ಲೂ ಆಗ್ಲಿಲ್ಲ.

ಇನ್ನು ಇಮೇಜುಗಳು. ಜರ್ನಲ್ ಆಫ್ ಸೆಲ್ ಬಯಾಲಜಿಯವರು 2002ರಿಂದ, ಆಕ್ಸೆಪ್ಟ್ ಆದ ಪ್ರತಿ ಪೇಪರಿನ ಇಮೇಜನ್ನೂ ಪಬ್ಲಿಷ್ ಮಾಡೋ ಮುಂಚೆ ಪರೀಕ್ಷೆ ಮಾಡೋಕೆ ಶುರು ಮಾಡಿದ್ರು. ಏನು ಮಾಡಬಹುದು ಏನು ಮಾಡಬಾರದು ಅಂತ ಅಲ್ಲಿ ರಾಸ್ನರ್ ಮತ್ತು ಯಮಾಡಾ 2004ರಲ್ಲಿ ಬರೆದ ಲೇಖನವನ್ನ ಇವತ್ತಿಗೂ ಎಷ್ಟೋ ಲ್ಯಾಬಲ್ಲಿ ಹೊಸಬರಿಗೆ ಓದೋಕೆ ಕೊಡ್ತಾರೆ. ಬ್ರೈಟ್‌ನೆಸ್ ಕಾಂಟ್ರಾಸ್ಟ್ ಬದಲಾಯಿಸಿದ್ರೆ ಇಡೀ ಇಮೇಜಿಗೆ ಒಂದೇ ಸಮ ಬದಲಾಯಿಸ್ಬೇಕು, ಹೋಲಿಸೋ ಇಮೇಜುಗಳಿಗೆಲ್ಲ ಅದೇ ಸೆಟ್ಟಿಂಗ್ ಇರ್ಬೇಕು. ಗಾಮಾ (ಹೊಳಪನ್ನ ಒಂದೇ ಸಮ ಅಲ್ಲದೆ ಬದಲಾಯಿಸೋ ಸೆಟ್ಟಿಂಗ್) ಮುಟ್ಟಿದ್ರೆ ಫಿಗರ್ ಕೆಳಗಿನ ಲೆಜೆಂಡಲ್ಲಿ ಹೇಳ್ಬೇಕು. ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ ಆಂಟಿಬಾಡಿಯಿಂದ ಗುರುತಿಸಿದ ಚಿತ್ರ) ಅಕ್ಕಪಕ್ಕ ಇಲ್ಲದ ಲೇನ್‌ಗಳನ್ನ ಜೋಡಿಸಿದ್ರೆ ಮಧ್ಯ ಗೆರೆ ಕಾಣ್ಬೇಕು. ಕತ್ತರಿಸದ ಪೂರ್ತಿ ಬ್ಲಾಟನ್ನೂ ಸಪ್ಲಿಮೆಂಟಲ್ಲಿ ಕೊಡ್ಬೇಕು, ನಾನು ಪ್ರತಿ ಬ್ಲಾಟ್‌ದೂ ಮೂಲ ಸ್ಕ್ಯಾನ್ ಹುಡುಕಿ, ಮಾರ್ಕರ್ ಎಲ್ಲಿದೆ, ಪ್ಯಾನೆಲ್‌ಗೆ ಎಲ್ಲಿಂದ ಎಲ್ಲಿಗೆ ಕತ್ತರಿಸಿದ್ದು ಅಂತ ಚೌಕ ಹಾಕಿ ಒಂದು ಪಿಡಿಎಫ್ ಮಾಡಿದೆ. ಕೆಂಪು ಹಸಿರು ಮರ್ಜ್ (ಎರಡು ಬಣ್ಣದ ಇಮೇಜ್ ಸೇರಿಸಿದ್ದು) ಎಲ್ಲ ತೆಗೆದು ಮೆಜೆಂಟಾ ಹಸಿರು ಮಾಡಿದ್ವಿ, ಕೆಂಪು ಹಸಿರು ಬೇರೆ ಮಾಡಿ ನೋಡೋಕಾಗದೇ ಇರೋರು ಓದುಗರಲ್ಲೂ ಇರ್ತಾರೆ ರಿವ್ಯೂವರ್‌ಗಳಲ್ಲೂ ಇರ್ತಾರೆ. ಒಂದೊಂದು ಚಾನೆಲ್ ಬೇರೆ ತೋರಿಸೋವಾಗ ಬಣ್ಣ ಬೇಡ, ಕಪ್ಪು ಬಿಳುಪೇ ಇರ್ಲಿ, ಮಂದವಾದ ಲೈಸೋಸೋಮ್‌ಗಳು ಅದರಲ್ಲೇ ಚೆನ್ನಾಗಿ ಕಾಣೋದು.

ಮೆಥಡ್ಸ್ ಸೆಕ್ಷನ್ ಬಗ್ಗೆ ಜನಕ್ಕೆ ಒಂಥರಾ ಅಸಡ್ಡೆ ಇದೆ, ಹಿಂದಿನ ಪೇಪರಿಂದ ತಂದು ಪದ ಬದಲಾಯಿಸಿ ಮುಗಿಸ್ತಾರೆ. ನಾನು ಅದಕ್ಕೇ ಜಾಸ್ತಿ ಹೊತ್ತು ಕೊಟ್ಟೆ. ಆಬ್ಜೆಕ್ಟಿವ್ 63 ಎಕ್ಸ್ ಆಯಿಲ್, ನ್ಯೂಮರಿಕಲ್ ಅಪರ್ಚರ್ 1.4 ಅಂತ ಎಲ್ರೂ ಬರೀತಾರೆ, ಆದ್ರೆ ಪಿಕ್ಸೆಲ್ ಸೈಜ್ ಎಷ್ಟು, ಝಡ್ ಸ್ಟೆಪ್ (ಎರಡು ಪದರದ ನಡುವಿನ ಅಂತರ) ಎಷ್ಟು, ಲೇಸರ್ ಯಾವುದು, ತೋರಿಸಿರೋದು ಒಂದೇ ಸ್ಲೈಸಾ ಇಲ್ಲ ಎಲ್ಲ ಪದರ ಸೇರಿಸಿದ ಮ್ಯಾಕ್ಸಿಮಮ್ ಪ್ರೊಜೆಕ್ಷನ್ನಾ ಅನ್ನೋದು ಇಲ್ಲದಿದ್ರೆ ಲೈಸೋಸೋಮ್ ದೂರದ ಲೆಕ್ಕ ಬೇರೆಯವರು ಮತ್ತೆ ಮಾಡೋಕಾಗಲ್ಲ. ಇದೆಲ್ಲ ಮೈಕ್ರೋಸ್ಕೋಪ್ ಕೊಡೋ ಮೂಲ ಫೈಲಿನ ಮೆಟಾಡೇಟಾದಲ್ಲೇ ಇರುತ್ತೆ, ಜೆಪೆಗ್ ಮಾಡಿಟ್ಕೊಂಡ್ರೆ ಹೋಯ್ತು. ಆಂಟಿಬಾಡಿದು ಕಂಪನಿ ಹೆಸರಷ್ಟೇ ಸಾಲದು, ಕ್ಲೋನ್, ಕ್ಯಾಟಲಾಗ್ ನಂಬರ್, ಎಷ್ಟು ಡೈಲ್ಯೂಟ್ ಮಾಡಿದ್ದು ಎಲ್ಲ ಬೇಕು. ಲೈಸೋಸೋಮ್ ಗುರುತಿಸೋಕೆ ನೋಡೋ ಲ್ಯಾಂಪ್1 ಪ್ರೋಟೀನಿಗೆ ನಾವು ಬಳಸಿದ್ದು ಎಚ್4ಎ3 ಕ್ಲೋನ್, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಹೈಬ್ರಿಡೋಮಾ ಬ್ಯಾಂಕಿನದ್ದು, ಅವರಿಗೆ ಪೇಪರಲ್ಲಿ ಕೃತಜ್ಞತೆ ಹೇಳೋದನ್ನ ಮರೀಬಾರದು, ಕಮ್ಮಿ ದುಡ್ಡಿಗೆ ಪ್ರಪಂಚಕ್ಕೆಲ್ಲ ಆಂಟಿಬಾಡಿ ಕೊಡೋರು ಅವರು.

ಕೋಶದ ಗುರುತು ಇನ್ನೊಂದು. ನಮ್ಮದು ಹೀಲಾ ಕೋಶ, 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳಿಂದ, ಅವರನ್ನ ಒಂದು ಮಾತೂ ಕೇಳದೆ ತೆಗೆದ ಕೋಶಗಳ ಸಂತತಿ. ಅವರ ಹೆಸರನ್ನ ಅಕ್ನಾಲೆಡ್ಜ್‌ಮೆಂಟಲ್ಲಿ ಬರೀಬೇಕು ಅಂತ ನಾನು ಕೇಳ್ದೆ, ಗೈಡ್ ಕೂಡ್ಲೇ ಒಪ್ಪಿದ್ರು. ಹೀಲಾ ಎಷ್ಟು ಜೋರಾಗಿ ಬೆಳೆಯುತ್ತೆ ಅಂದ್ರೆ ಬೇರೆ ಕೋಶಗಳ ಡಿಶ್ಶಿಗೆ ನುಗ್ಗಿ ಅದನ್ನೇ ಆಕ್ರಮಿಸಿಕೊಳ್ಳುತ್ತೆ, 1966ರಲ್ಲೇ ಸ್ಟ್ಯಾನ್ಲಿ ಗಾರ್ಟ್ಲರ್ ಇದನ್ನ ತೋರಿಸಿದ್ರು, ಹೆಪ್2, ಚಾಂಗ್ ಲಿವರ್ ಅಂತ ಬೇರೆ ಹೆಸರಲ್ಲಿ ಓಡಾಡ್ತಿದ್ದವೂ ಹೀಲಾನೇ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಈಗ ಜರ್ನಲ್‌ಗಳು ಕೋಶ ಎಲ್ಲಿಂದ ಬಂತು, ಎಸ್‌ಟಿಆರ್ ಪ್ರೊಫೈಲಿಂಗ್ (ಡಿಎನ್‌ಎ ನೋಡಿ ಕೋಶದ ಗುರುತು ಹಿಡಿಯೋ ಪರೀಕ್ಷೆ) ಮಾಡಿದ್ರಾ, ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಇಲ್ಲ ಅಂತ ಟೆಸ್ಟ್ ಮಾಡಿದ್ರಾ ಅಂತ ಕೇಳೋದು. ಇದನ್ನ ಸಬ್‌ಮಿಶನ್ ಹಿಂದಿನ ವಾರ ಮಾಡೋಕೆ ಹೋಗ್ಬೇಡಿ, ಲ್ಯಾಬಲ್ಲಿ ನಿಯಮಿತವಾಗಿ ಮಾಡಿಸಿ ರಿಪೋರ್ಟ್ ಇಟ್ಕೊಳ್ಳಿ.

ಫಿಗರ್, ಮೆಥಡ್ಸ್ ಆದ್ಮೇಲೆ ರಿಸಲ್ಟ್ಸ್ ಬರೆಯೋದು ಕಷ್ಟ ಆಗ್ಲಿಲ್ಲ. ಇಂಟ್ರೊಡಕ್ಷನ್ನೂ ಡಿಸ್ಕಷನ್ನೂ ಗೈಡ್ ನಾನು ಸೇರಿ ಎಷ್ಟೋ ಸಲ ತಿದ್ದಿದ್ವಿ. ಎಲ್ಲಕ್ಕಿಂತ ಕಷ್ಟ ಆಬ್‌ಸ್ಟ್ರಾಕ್ಟ್, ಜೆಸಿಎಸ್‌ನಲ್ಲಿ 180 ಪದ ಮೀರೋ ಹಾಗಿಲ್ಲ. ಅದರ ಜೊತೆ 15ರಿಂದ 30 ಪದದ ಸಮ್ಮರಿ ಸ್ಟೇಟ್‌ಮೆಂಟ್ ಅಂತ ಬೇರೆ. ಈ ಮೂವತ್ತು ಪದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ವಿ, ನಮ್ಮ ಪ್ರೋಟೀನು ಡೈನೀನನ್ನ ಕರೆತರುತ್ತೆ ಅಂತ ಬರೆಯೋದಾ, ಡೈನೀನ್ ಅಲ್ಲಿ ನಿಲ್ಲೋಕೆ ಅದು ಬೇಕು ಅಂತ ಬರೆಯೋದಾ ಅಂತ. ಕರೆತರುತ್ತೆ ಅನ್ನೋಕೆ ನಮ್ಮ ಹತ್ರ ಸಾಕ್ಷಿ ಇರ್ಲಿಲ್ಲ, ಬೇಕು ಅನ್ನೋಕೆ ಇತ್ತು. ಬೇಕು ಅಂತ ಬರೆದ್ವಿ.

ಪೇಪರ್ ರೆಡಿ ಆದ ಮೇಲೆ ಮೊದ್ಲು ಬಯೋಆರ್ಕೈವ್‌ಗೆ ಹಾಕಿದ್ವಿ. 2013ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬೊರೇಟರಿಯವರು ಶುರು ಮಾಡಿದ ಪ್ರಿಪ್ರಿಂಟ್ ಸರ್ವರ್ ಅದು, ರಿವ್ಯೂ ಆಗದ ಪೇಪರನ್ನ ಯಾರು ಬೇಕಾದ್ರೂ ಪುಕ್ಕಟೆ ಓದ್ಬಹುದು, ಡಿಒಐ ಅನ್ನೋ ಶಾಶ್ವತ ಗುರುತಿನ ನಂಬರ್ ಸಿಗುತ್ತೆ, ತಾರೀಖು ದಾಖಲಾಗುತ್ತೆ. ರಿವ್ಯೂ ಎಷ್ಟು ತಿಂಗಳು ಎಳೀತದೋ ಯಾರಿಗೆ ಗೊತ್ತು, ಅಷ್ಟರಲ್ಲಿ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕೋರಿಗೆ ತೋರಿಸೋಕೆ ಏನಾದ್ರೂ ಬೇಕಲ್ಲ. ಹಾಕಿದ ಮೇಲೆ ಇದೇ ವಿಷಯದಲ್ಲಿ ಕೆಲಸ ಮಾಡೋ ಹೊರದೇಶದ ಒಬ್ಬರು ಮೇಲ್ ಮಾಡಿ, ಸ್ಟಾರ್ವೇಶನ್‌ಗೆ (ಉಪವಾಸಕ್ಕೆ) ನೀವು ಇಬಿಎಸ್‌ಎಸ್ ಅನ್ನೋ ಉಪ್ಪಿನ ದ್ರಾವಣ ಬಳಸಿದೀರ, ಅದರಲ್ಲಿ ಸೀರಮ್ಮೂ ಇಲ್ಲ ಅಮೈನೋ ಆಮ್ಲನೂ ಇಲ್ಲ, ಯಾವುದು ಕಾರಣ ಅಂತ ಬೇರೆ ಮಾಡಿ ನೋಡಿ ಅಂದ್ರು. ತುಂಬ ಒಳ್ಳೇ ಮಾತು. ಮಾಡಿದ್ವಿ, ಪೇಪರಿಗೆ ಒಂದು ಪ್ಯಾನೆಲ್ ಸೇರ್ತು.

ಮೊದಲು ಕಳಿಸಿದ್ದು ಬೇರೆ ಒಂದು ದೊಡ್ಡ ಜರ್ನಲ್‌ಗೆ, ಹೆಸರು ಬೇಡ. ರಿವ್ಯೂಗೇ ಹೋಗ್ದೆ ವಾಪಸ್ ಬಂತು, ಕೆಲಸ ಗಟ್ಟಿ ಇದೆ ಆದ್ರೆ ನಮ್ಮ ಓದುಗರಿಗೆ ವ್ಯಾಪ್ತಿ ಸಾಲದು ಅನ್ನೋ ಅರ್ಥದ ಪತ್ರ. ಬೇಜಾರಾಗುತ್ತೆ, ಆಗದೆ ಇರುತ್ತಾ. ಆದ್ರೆ ಬೇಗ ಹೇಳಿದ್ರು, ತಿಂಗಳುಗಟ್ಟಲೆ ಇಟ್ಕೊಂಡು ಹೇಳೋದಕ್ಕಿಂತ ಅದು ವಾಸಿ. ಆಮೇಲೆ ಜರ್ನಲ್ ಆಫ್ ಸೆಲ್ ಸೈನ್ಸ್. ಇದನ್ನ ಆರಿಸಿದ್ದಕ್ಕೆ ಕಾರಣ ಇದಾವೆ. 1853ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಮೈಕ್ರೋಸ್ಕೋಪಿಕಲ್ ಸೈನ್ಸ್ ಅಂತ ಶುರುವಾಗಿದ್ದು, 1966ರಲ್ಲಿ ಈಗಿನ ಹೆಸರು ಬಂತು. ನಡೆಸೋರು ಕಂಪನಿ ಆಫ್ ಬಯಾಲಜಿಸ್ಟ್ಸ್, 1925ರಲ್ಲಿ ಹುಟ್ಟಿದ ಲಾಭಕ್ಕಲ್ಲದ ಸಂಸ್ಥೆ, ಬಂದ ದುಡ್ಡಲ್ಲಿ ಚಿಕ್ಕ ವಯಸ್ಸಿನ ರಿಸರ್ಚರ್‌ಗಳಿಗೆ ಬೇರೆ ಲ್ಯಾಬಿಗೆ ಹೋಗಿ ಕಲಿಯೋಕೆ ಫೆಲೋಶಿಪ್ ಕೊಡ್ತಾರೆ. ಎಡಿಟರ್‌ಗಳು ಸ್ವತಃ ಲ್ಯಾಬ್ ನಡೆಸೋ ವಿಜ್ಞಾನಿಗಳು. ಮೊದಲ ಸಲ ಕಳಿಸೋವಾಗ ಅವರ ಫಾರ್ಮ್ಯಾಟೇ ಬೇಕು ಅನ್ನಲ್ಲ. ದುಡ್ಡಿನ ವಿಷಯನೂ ಹೇಳ್ಬೇಕು, ಓಪನ್ ಆಕ್ಸೆಸ್ ಮಾಡೋಕೆ ತುಂಬ ಜರ್ನಲ್‌ಗಳು ಲಕ್ಷಗಟ್ಟಲೆ ಕೇಳ್ತಾವೆ, ನಮ್ಮ ಗ್ರಾಂಟಲ್ಲಿ ಅಷ್ಟು ದುಡ್ಡಿದ್ರೆ ಒಂದು ವರ್ಷದ ಆಂಟಿಬಾಡಿ ಬರುತ್ತೆ. ನಾವು ಕಳಿಸಿದಾಗ ಇಲ್ಲಿ ಸಬ್‌ಸ್ಕ್ರಿಪ್ಶನ್ ದಾರೀಲಿ (ಓದೋರು ಚಂದಾ ಕಟ್ಟೋ ದಾರಿ) ಹೋದ್ರೆ ಪೇಜ್ ಚಾರ್ಜೂ ಕಲರ್ ಚಾರ್ಜೂ ಇರ್ಲಿಲ್ಲ, ಪ್ರಿಪ್ರಿಂಟ್ ಹೆಂಗೂ ಎಲ್ರಿಗೂ ಓದೋಕೆ ಸಿಗುತ್ತೆ.

ಸಬ್‌ಮಿಟ್ ಮಾಡೋ ದಿನ ಅರ್ಧ ಗಂಟೆ ಕೆಲಸ ಅನ್ಕೋಬೇಡಿ, ಒಂದು ದಿನ ಇಟ್ಕೊಳ್ಳಿ. ಎಲ್ಲ ಲೇಖಕರ ಆರ್ಕಿಡ್ (ಸಂಶೋಧಕರ ಗುರುತಿನ ನಂಬರ್), ಗ್ರಾಂಟ್ ನಂಬರ್, ಯಾರು ಏನು ಮಾಡಿದ್ರು ಅನ್ನೋದಕ್ಕೆ ಕ್ರೆಡಿಟ್ ಪಟ್ಟಿ, ಅದರಲ್ಲಿ 14 ಥರದ ಪಾತ್ರ ಇದಾವೆ, ಡೇಟಾ ಎಲ್ಲಿದೆ ಅನ್ನೋ ಹೇಳಿಕೆ, ಎಐ ಟೂಲ್ ಬಳಸಿದ್ರೆ ಅದರ ವಿವರ. ಲೇಖಕರ ಕ್ರಮ ಮಾತ್ರ ಇಲ್ಲಿಗೆ ಬಂದ್ಮೇಲೆ ಚರ್ಚೆ ಮಾಡೋ ವಿಷಯ ಅಲ್ಲ. ನಮ್ಮಲ್ಲಿ ಫಿಗರ್ ಟೇಬಲ್ ಮೇಲೆ ಹರಡಿದ ದಿನಾನೇ ಗೈಡ್ ಎಲ್ರ ಎದುರಿಗೆ ಹೇಳಿದ್ರು, ಮ್ಯಾಕ್ರೋ ಬರೆದುಕೊಟ್ಟ ಪ್ರಾಜೆಕ್ಟ್ ಅಸಿಸ್ಟೆಂಟ್ ಹೆಸರೂ ಅದರಲ್ಲಿತ್ತು. ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳ ಕೆಲಸ ತಗೊಂಡು ಅಕ್ನಾಲೆಡ್ಜ್‌ಮೆಂಟಲ್ಲಿ ಒಂದು ಸಾಲು ಹಾಕಿ ಮುಗಿಸೋದು ನನಗೆ ಸುತರಾಂ ಹಿಡಿಸಲ್ಲ. ರಿವ್ಯೂವರ್‌ಗಳನ್ನ ಸೂಚಿಸಿ ಅಂತ ಕೇಳಿದ ಕಡೆ ಭಾರತದವರನ್ನೂ ಹಾಕಿ, ಲೈಸೋಸೋಮ್, ಮೋಟರ್ ಪ್ರೋಟೀನ್ ಮೇಲೆ ಇಲ್ಲೇ ತುಂಬ ಒಳ್ಳೇ ಕೆಲಸ ಮಾಡೋರು ಇದಾರೆ. ಒಟ್ಟಿಗೆ ಪೇಪರ್ ಬರೆದೋರು, ಗೈಡ್‌ಗೆ ಗೈಡ್ ಆಗಿದ್ದೋರು ಬೇಡ.

ರಿವ್ಯೂ ಬಂದಾಗ ಮೇಜರ್ ರಿವಿಷನ್. ಮೂರು ಜನ. ಒಬ್ಬರಿಗೆ ಇಷ್ಟ ಆಗಿತ್ತು, ಇನ್ನೊಬ್ಬರು ಡಿಸ್ಕಷನ್ ಜಾಸ್ತಿ ಆಯ್ತು ಅಂದ್ರು. ಮತ್ತೊಬ್ಬರು ನಾಲ್ಕು ಪುಟ ಬರೆದಿದ್ರು, ಓದೋಕೆ ಶುರು ಮಾಡಿದಾಗ ಎದೆ ಧಸಕ್ಕಂತು, ಆದ್ರೆ ಮೂರನೇ ಸಲ ಓದಿದಾಗ ಗೊತ್ತಾಗಿದ್ದು, ನಮ್ಮ ಪೇಪರನ್ನ ನಮ್ಮಷ್ಟೇ ಗಮನ ಇಟ್ಟು ಓದಿರೋರು ಇವರೊಬ್ಬರೇ. ಅವರ ಮುಖ್ಯ ಪ್ರಶ್ನೆ ರೆಸ್ಕ್ಯೂ. ಎಸ್‌ಐಆರ್‌ಎನ್‌ಎ (ಒಂದು ಜೀನಿನ ಸಂದೇಶ ಅಳಿಸೋ ಚಿಕ್ಕ ಆರ್‌ಎನ್‌ಎ ತುಣುಕು) ಬಳಸಿ ಒಂದು ಪ್ರೋಟೀನ್ ಕಮ್ಮಿ ಮಾಡಿದಾಗ ಅದು ಬೇರೆ ಯಾವುದೋ ಜೀನ್ ಮೇಲೂ ಕೈ ಹಾಕಿರ್ಬಹುದು. ಹಾಗಿಲ್ಲ ಅಂತ ತೋರಿಸೋಕೆ, ಆ ಎಸ್‌ಐಆರ್‌ಎನ್‌ಎಗೆ ಸಿಗದ ಹಾಗೆ ಡಿಎನ್‌ಎ ಅಕ್ಷರ ಬದಲಾಯಿಸಿದ, ಆದ್ರೆ ಪ್ರೋಟೀನ್ ಅದೇ ಬರೋ ಜೀನನ್ನ ವಾಪಸ್ ಕೊಟ್ಟು ಲೈಸೋಸೋಮ್‌ಗಳು ಒಳಗೆ ಬರ್ತವಾ ನೋಡ್ಬೇಕು. ಇದರ ಜೊತೆ ಡೈನೀನ್‌ಗೆ ಅಂಟೋ ಭಾಗ ಕೆಡಿಸಿದ ಮ್ಯುಟೆಂಟನ್ನೂ ಹಾಕಿ ನೋಡಿ ಅಂದ್ರು. ಅದೇ ಸರಿಯಾದ ಎಕ್ಸ್‌ಪೆರಿಮೆಂಟು.

ಕೇಳಿದ್ದು ಸರಿ, ಮಾಡೋದು ಎಲ್ಲಿಂದ. ಹೊರದೇಶದ ಲ್ಯಾಬಲ್ಲಿ ಇವತ್ತು ಆರ್ಡರ್ ಮಾಡಿದ್ರೆ ನಾಳೆ ನಾಡಿದ್ದು ಬರೋ ಆಂಟಿಬಾಡಿ ನಮಗೆ ಕೊಟೇಶನ್, ಕಮಿಟಿ, ಇಂಪೋರ್ಟ್, ಕಸ್ಟಮ್ಸ್ ಎಲ್ಲ ದಾಟಿ ಐಸ್ ಕರಗೋ ಮುಂಚೆ ಕೈಗೆ ಬರ್ಬೇಕು, ತಿಂಗಳುಗಳೇ ಹಿಡೀತವೆ. ರಿವಿಷನ್ ಗಡುವು ಸಾಲಲ್ಲ ಅಂತ ಎಡಿಟರ್‌ಗೆ ಮೊದಲನೇ ವಾರದಲ್ಲೇ ಬರೆದು, ಯಾವ ಎಕ್ಸ್‌ಪೆರಿಮೆಂಟ್ ಮಾಡ್ತೀವಿ, ಯಾವುದು ಮಾಡೋಕಾಗಲ್ಲ, ಯಾಕೆ ಅಂತ ಒಂದು ಪುಟದ ಪ್ಲಾನ್ ಕಳಿಸಿದ್ವಿ. ಅವರು ಸಮಯ ಕೊಟ್ರು. ಇದು ಗೊತ್ತಿಲ್ದೆ ಎಷ್ಟು ಜನ ಗಡುವಿಗೆ ಹೆದರಿ ಅರ್ಧಂಬರ್ಧ ಡೇಟಾ ಹಾಕಿ ಕಳಿಸ್ತಾರೋ. ಕೇಳಿ, ಎಡಿಟರ್‌ಗಳೂ ಲ್ಯಾಬ್ ನಡೆಸಿದವರೇ. ಒಂದು ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಮಾತ್ರ ಬೆಂಗಳೂರಲ್ಲೇ ಬೇರೆ ಕ್ಯಾಂಪಸ್ಸಿನ ಲ್ಯಾಬಲ್ಲಿ ಇತ್ತು, ಮೇಲ್ ಮಾಡಿದ ದಿನ ಸಂಜೆನೇ ಫಿಲ್ಟರ್ ಪೇಪರ್ ಮೇಲೆ ಚುಕ್ಕಿ ಹಾಕಿ ಕವರಲ್ಲಿಟ್ಟು ಕೊಟ್ರು, ಬಸ್ಸಲ್ಲಿ ಹೋಗಿ ತಂದೆ. ಆ ಉಪಕಾರ ಮರೆಯೋದಲ್ಲ.

ಮಾಮೂಲಿ ಜೀನ್ ವಾಪಸ್ ಕೊಟ್ಟಾಗ ಲೈಸೋಸೋಮ್‌ಗಳು ನ್ಯೂಕ್ಲಿಯಸ್ ಸುತ್ತ ಬಂದು ಕೂತ್ವು, ಮ್ಯುಟೆಂಟ್ ಕೊಟ್ಟಾಗ ಅಂಚಲ್ಲೇ ಉಳಿದ್ವು. ಕೋಡ್ ಬಿಚ್ಚಿದ ಮೇಲೂ ಇನ್ನೊಂದು ಸಲ ಶೀಟ್ ತೆಗೆದು ನೋಡಿದ್ವಿ. ಈ ಒಂದು ಫಿಗರ್ ಇಲ್ದೇ ಇದ್ರೆ ನಮ್ಮದು ಹಿಂಗಾಗುತ್ತೆ ಅನ್ನೋ ಪೇಪರ್ ಆಗಿರ್ತಿತ್ತು, ಈಗ ಯಾಕೆ ಹಿಂಗಾಗುತ್ತೆ ಅನ್ನೋದಕ್ಕೂ ಉತ್ತರ ಇದೆ. ಉತ್ತರ ಪತ್ರದಲ್ಲಿ ಅವರ ಪ್ರತಿ ಮಾತನ್ನೂ ಹಾಗೇ ಹಾಕಿ, ಕೆಳಗೆ ನಾವೇನು ಮಾಡಿದ್ವಿ, ಯಾವ ಫಿಗರು, ಯಾವ ಸಾಲು ಅಂತ ಬರೆದ್ವಿ. ನ್ಯೂರಾನ್‌ನಲ್ಲೂ ಹಿಂಗೇನಾ ಅಂತ ಕೇಳಿದ್ದಕ್ಕೆ, ನಮ್ಮ ಹತ್ರ ನ್ಯೂರಾನ್ ಕಲ್ಚರ್ ಇಲ್ಲ, ಆದ್ದರಿಂದ ಪೇಪರಲ್ಲಿ ಎಲ್ಲ ಕಡೆ ಹೀಲಾ ಕೋಶದಲ್ಲಿ ಅಂತ ಸೇರಿಸಿದೀವಿ ಅಂತ ನೇರವಾಗಿ ಹೇಳಿದ್ವಿ. ಒಪ್ಪಿದ್ರು. ಈ ಪತ್ರವ್ಯವಹಾರ ಎಲ್ಲ ಪೇಪರ್ ಜೊತೆಗೇ ಪಬ್ಲಿಷ್ ಆಗುತ್ತೆ, ಹೊಸಬರು ಬೇರೆ ಪೇಪರ್‌ಗಳ ರಿವ್ಯೂ ಹಿಸ್ಟರಿ ತೆಗೆದು ಓದಿ, ಪತ್ರ ಹೆಂಗೆ ಬರೆಯೋದು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ.

ಆಕ್ಸೆಪ್ಟ್ ಆದ್ಮೇಲೂ ಕೆಲಸ ಇರುತ್ತೆ. ಮೂಲ ಇಮೇಜುಗಳನ್ನ ಬಯೋಇಮೇಜ್ ಆರ್ಕೈವ್‌ಗೂ ಮ್ಯಾಕ್ರೋವನ್ನ ಝೆನೋಡೋಗೂ (ಎರಡೂ ಎಲ್ರಿಗೂ ತೆರೆದ ಡೇಟಾ ಸಂಗ್ರಹಗಳು) ಹಾಕಿ ಅವುಗಳ ನಂಬರ್ ಪೇಪರಲ್ಲಿ ಕೊಟ್ವಿ. ಪ್ರೂಫಲ್ಲಿ ಮೈಕ್ರೋ ಅನ್ನೋ ಗ್ರೀಕ್ ಚಿಹ್ನೆ ಸರಿಯಾಗಿದೆಯಾ, ಸ್ಕೇಲ್ ಬಾರ್ ಸಂಖ್ಯೆ ಉಳಿದಿದೆಯಾ, ಎಲ್ರ ಹೆಸರೂ ಇನಿಷಿಯಲ್ಲೂ ಸರಿಯಾಗಿದೆಯಾ ಅಂತ ಇಬ್ಬರು ಕೂತು ಗಟ್ಟಿಯಾಗಿ ಓದ್ಕೊಂಡು ನೋಡಿದ್ವಿ, ನಮ್ಮ ಕಡೆಯೋರ ಇನಿಷಿಯಲ್‌ಗಳನ್ನ ಸಾಫ್ಟ್‌ವೇರ್‌ಗಳು ಸರ್‌ನೇಮ್ ಮಾಡಿಬಿಡ್ತವೆ, ಅದೊಂದನ್ನ ತಪ್ಪದೇ ನೋಡಿ. ಜೆಸಿಎಸ್‌ನವರು ಮೊದಲ ಲೇಖಕರನ್ನ ಫಸ್ಟ್ ಪರ್ಸನ್ ಅಂತ ಒಂದು ಸಂದರ್ಶನ ಮಾಡ್ತಾರೆ, ಪ್ರಶ್ನೆಗಳು ಬಂದಿದಾವೆ, ಮುಂದೇನು ಅಂತ ಕೇಳಿದಾರೆ. ನ್ಯೂರಾನ್ ಪ್ರಶ್ನೆ ಹಿಡ್ಕೊಂಡು ನಮ್ಮ ಲ್ಯಾಬಿಗೆ ಬಂದಿರೋ ಹೊಸ ಹುಡುಗಿ ಸ್ಟೆಮ್ ಸೆಲ್‌ನಿಂದ ನ್ಯೂರಾನ್ ಬೆಳೆಸೋದನ್ನ ಶುರು ಮಾಡಿದಾಳೆ, ಎಷ್ಟು ಬ್ಯಾಚ್ ಮಾಡ್ಬೇಕು ಅಂತ ಹೋದ ವಾರ ಇಬ್ಬರೂ ಕೂತು ಲೆಕ್ಕ ಹಾಕಿದ್ವಿ, ಅದನ್ನೇ ಬರೆದು ಕಳಿಸ್ತೀನಿ.